ಗಂಜಿ ತಿಳಿ ಕುಡಿಸಿ ರೋಗಿಯನ್ನು ಉಪವಾಸ ಕೆಡವಬೇಡಿ

ಮಾನ್ಯ ಸಂಪಾದಕರೇ,

ದೊಡ್ಡ ಕಾಯಿಲೆ ಬಂದವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಮಾತ್ರೆ ಚೀಟಿ ಉದ್ದಕ್ಕಿರುತ್ತದೆ, ಊಟದ ಮಾತು ಮಾತ್ರ ಒಂದೇ ಸಾಲು. ‘ಮೆತ್ತಗಿರೋದು ಕೊಡಿ, ಖಾರ ಬೇಡ.’ ಮುಗೀತು. ಅದನ್ನು ಕೇಳಿಸಿಕೊಳ್ಳುವವನು ಬಿಲ್ ಕಟ್ಟೋಕೆ ನಿಂತ ಮಗ. ಅಡುಗೆ ಮಾಡಬೇಕಾದವಳು ಹಳ್ಳಿಯಲ್ಲಿರುವ ಸೊಸೆ. ಮಗ ಫೋನಿನಲ್ಲಿ ‘ಗಂಜಿ ಮಾಡಿಡು, ಬರ್ತಾ ಇದೀವಿ’ ಅನ್ನುತ್ತಾನೆ. ಅವತ್ತು ಒಲೆ ಮೇಲೆ ಕೂತ ಗಂಜಿ ಆಮೇಲೆ ತಿಂಗಳುಗಟ್ಟಲೆ ಇಳಿಯುವುದೇ ಇಲ್ಲ.

ನಾನು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಕಡೆಯವಳು. ಬಾಯಿ ಕ್ಯಾನ್ಸರ್ ಆಗಿದ್ದ ನಮ್ಮತ್ತೆಗೆ, ಆಮೇಲೆ ಲಕ್ವ ಹೊಡೆದ ನಮ್ಮಪ್ಪನಿಗೆ ಅಡುಗೆ ಮಾಡಿ ಉಣ್ಣಿಸಿದವಳು. ಡಾಕ್ಟರಲ್ಲ, ನರ್ಸೂ ಅಲ್ಲ. ಆದರೆ ಈಗ ಸುತ್ತಮುತ್ತಲ ಯಾರ ಮನೆಯಲ್ಲಿ ಇಂಥ ಕಾಯಿಲೆ ಬಂದರೂ ‘ಏನು ಕೊಡೋದು ಅಕ್ಕಾ’ ಅಂತ ನನ್ನನ್ನೇ ಕೇಳುತ್ತಾರೆ. ಹೋಗಿ ನೋಡಿದರೆ ಎಲ್ಲ ಕಡೆ ಒಂದೇ ಕಥೆ. ಮನೆ ತುಂಬ ರಾಗಿ, ಕೊಟ್ಟಿಗೆಯಲ್ಲಿ ಹಸು, ಮೂಲೆಯಲ್ಲಿ ಕಡಲೆಕಾಯಿ ಮೂಟೆ, ಹಾಸಿಗೆಯಲ್ಲಿರುವವರು ಮಾತ್ರ ಹಸಿದಿರುತ್ತಾರೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡಿ. ಒಂದು ದೊಡ್ಡ ಚಮಚ ಅಕ್ಕಿ ತರಿ ಹಾಕಿ, ನೀರು ಜಾಸ್ತಿ ಬಿಟ್ಟು ಕಾಯಿಸಿದ ಒಂದು ಲೋಟ ಗಂಜಿಯಲ್ಲಿ ಸಿಗುವುದು 40–50 ಕ್ಯಾಲೊರಿ. ಪ್ರೋಟೀನು 1 ಗ್ರಾಂ ಸಿಕ್ಕರೆ ಹೆಚ್ಚು. ದಿನಕ್ಕೆ ಐದು ಲೋಟ ಕುಡಿಸಿದರೂ 250 ಕ್ಯಾಲೊರಿ ದಾಟುವುದಿಲ್ಲ. ಕ್ಯಾನ್ಸರ್ ಇರುವವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನು ಬೇಕು ಅನ್ನುವುದು ವೈದ್ಯರೇ ಇಟ್ಟುಕೊಂಡಿರುವ ಲೆಕ್ಕ. ಅಂದರೆ 50 ಕಿಲೋ ತೂಗುವವರಿಗೆ 1250ರಿಂದ 1500 ಕ್ಯಾಲೊರಿ, 50ರಿಂದ 75 ಗ್ರಾಂ ಪ್ರೋಟೀನು. ನಾವು ಕೊಡುತ್ತಿರುವುದು ಕ್ಯಾಲೊರಿಯಲ್ಲಿ ಅದರ ಐದನೇ ಒಂದು ಭಾಗ, ಪ್ರೋಟೀನಿನಲ್ಲಿ ಹತ್ತನೇ ಒಂದು ಭಾಗ. ಹೀಗೆ ತಿಂಗಳು ಕಳೆದರೆ ಕಾಯಿಲೆ ಇಲ್ಲದವರೂ ಸೊರಗಿ ಹೋಗುತ್ತಾರೆ ಅಲ್ವಾ? ಬಾಯಿ, ಗಂಟಲಿಗೆ ರೇಡಿಯೇಷನ್ ತೆಗೆದುಕೊಳ್ಳುವವರಿಗಂತೂ ತೂಕ ಇಳಿದರೆ ಬೇರೆಯೇ ತೊಂದರೆ. ತಲೆ ಅಲ್ಲಾಡದ ಹಾಗೆ ಹಿಡಿಯೋಕೆ ಅವರ ಮುಖಕ್ಕೆ ಅಚ್ಚು ತೆಗೆದು ಮಾಡಿದ ಮಾಸ್ಕ್ ಸಡಿಲವಾಗುತ್ತದೆ, ಮತ್ತೆ ಹೊಸದು ಮಾಡಬೇಕು, ಒಂದೊಂದು ಸಲ ಚಿಕಿತ್ಸೆಯನ್ನೇ ಮಧ್ಯದಲ್ಲಿ ನಿಲ್ಲಿಸಬೇಕಾಗುತ್ತದೆ. ಆರೇಳು ವಾರ ವಾರಕ್ಕೆ ಐದು ದಿನ ಬೆಂಗಳೂರಿಗೆ ಓಡಾಡಿ ಪಟ್ಟ ಕಷ್ಟಕ್ಕೆ ಊಟದ ದೆಸೆಯಿಂದ ಕಲ್ಲು ಬೀಳಬಾರದು.

ಇನ್ನೊಂದು ವಿಚಾರ. ಬಸ್ಸಾರು ಮಾಡುವ ಊರು ನಮ್ಮದು. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಳ್ಳುತ್ತೇವೆ. ‘ಅದರಲ್ಲೇ ಎಲ್ಲಾ ಸತ್ವ ಇಳಿದಿರುತ್ತೆ’ ಅಂತ ಆ ಕಟ್ಟನ್ನು ರೋಗಿಗೆ ಕೊಟ್ಟು, ಕಾಳಿನ ಪಲ್ಯ ಮನೆಯವರು ತಿನ್ನುತ್ತಾರೆ. ಕೋಳಿ ಕೊಯ್ದರೂ ಹಾಗೇ, ಸೂಪು ರೋಗಿಗೆ, ತುಂಡು ಮಕ್ಕಳಿಗೆ. ಕಾಲು ಸೂಪಿನ ಮೇಲಂತೂ ನಮ್ಮ ಜನಕ್ಕೆ ದೇವರಷ್ಟು ನಂಬಿಕೆ. ಸೂಪು ಬೇಡ ಅನ್ನುತ್ತಿಲ್ಲ, ಬಾಯಿಗೆ ಹಿತ, ಉಪ್ಪು ನೀರು ಮೈಗೆ ಸೇರುತ್ತದೆ. ಆದರೆ ನೀರಿಗೆ ಇಳಿಯುವ ಪ್ರೋಟೀನು ಸ್ವಲ್ಪವೇ, ಮುಕ್ಕಾಲು ಪಾಲು ಕಾಳಲ್ಲೇ, ಮಾಂಸದಲ್ಲೇ ಉಳಿಯುತ್ತದೆ. ಕಾಳನ್ನು ಇನ್ನೆರಡು ಕೂಗು ಕೂಗಿಸಿ ಅದೇ ಕಟ್ಟಿನಲ್ಲಿ ನುಣ್ಣಗೆ ರುಬ್ಬಿ, ಸಿಪ್ಪೆ ಸೋಸಿ ಕೊಡಿ. ಎಲುಬು ತೆಗೆದ ಕೋಳಿ ತುಂಡನ್ನೂ ಅದೇ ಸೂಪಿನಲ್ಲಿ ಹಾಕಿ ಮಿಕ್ಸಿಗೆ ಹಾಕಿದರೆ ಒಂದು ಸಣ್ಣ ಬಟ್ಟಲಿನಲ್ಲೇ ಹೊಟ್ಟೆಗೆ ಬೀಳುವುದು ಬೀಳುತ್ತದೆ.

ಕಾಯಿಲೆಯವರು ನಾಲ್ಕು ಚಮಚದ ಮೇಲೆ ತಿನ್ನುವುದಿಲ್ಲ ಅಂತ ಗೊತ್ತಿದ್ದ ಮೇಲೆ ಆ ನಾಲ್ಕು ಚಮಚದಲ್ಲಿ ಏನಿದೆ ಅನ್ನುವುದೇ ಮುಖ್ಯ. ಇಷ್ಟು ತಿಳಿದರೆ ಉಳಿದಿದ್ದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರಾಗಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಎಲ್ಲರೂ ರಾಗಿ ಕೊಡುತ್ತಾರೆ, ಸರಿಯಾಗಿ ಕೊಡುವವರು ಕಡಿಮೆ. ಬರೀ ರಾಗಿ ಹಿಟ್ಟಿನಲ್ಲಿ ಅಂಬಲಿ ಕಾಯಿಸಿದರೆ ಎರಡು ಚಮಚಕ್ಕೇ ಗಟ್ಟಿಯಾಗಿಬಿಡುತ್ತದೆ. ನುಂಗೋಕೆ ಆಗಲ್ಲ ಅಂತ ನೀರು ಬೆರೆಸುತ್ತೇವೆ, ಅಲ್ಲಿಗೆ ಮತ್ತೆ ನೀರಿನ ಕಥೆಯೇ ಆಯ್ತು. ಮೊಳಕೆ ಕಟ್ಟಿದ ರಾಗಿ ಹಾಗಲ್ಲ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ, ಅದು ಗಂಜಿಯನ್ನು ಗಟ್ಟಿ ಮಾಡುವ ಪಿಷ್ಟವನ್ನು ಕತ್ತರಿಸುತ್ತದೆ. ಹಾಗಾಗಿ ಅದೇ ಲೋಟಕ್ಕೆ ಎರಡು ಪಟ್ಟು ಹಿಟ್ಟು ಹಾಕಿದರೂ ಸಲೀಸಾಗಿ ಗಂಟಲಲ್ಲಿ ಇಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ದಶಕಗಳ ಹಿಂದೆಯೇ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ಮಾಡಿದ್ದು ಇದೇ ಗುಣ ನೋಡಿ.

ರಾಗಿ ತೊಳೆದು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಂದೆರಡು ದಿನ ಬಿಡಿ. ಬಟ್ಟೆ ಒಣಗದ ಹಾಗೆ ನೀರು ಚಿಮುಕಿಸುತ್ತಿರಬೇಕು. ಸಣ್ಣ ಬಿಳಿ ಮೊಳಕೆ ಬಂದ ಮೇಲೆ ನೆರಳಲ್ಲಿ ಗರಿಗರಿ ಒಣಗಿಸಿ, ಉಜ್ಜಿ ಬೇರು ಉದುರಿಸಿ. ಇಲ್ಲಿ ಎಲ್ಲರೂ ಘಮ್ಮನ್ನೋ ಹಾಗೆ ಹುರಿಯುತ್ತಾರೆ. ಹಾಗೆ ಜೋರಾಗಿ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಮೊಳಕೆ ಕಟ್ಟಿದ್ದು ಅರ್ಧ ದಂಡ. ಬಾಣಲೆ ಸುಮ್ನೆ ಬೆಚ್ಚಗಾಗುವಷ್ಟು ಸಾಕು. ಮಿಲ್ಲಿನಲ್ಲಿ ಬೀಸಿಸಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಹೊಟ್ಟು ಮೇಲೆ ಉಳಿಯುತ್ತದೆ. ಕಾಯಿಸುವಾಗ ಕುದಿಯುವ ನೀರಿಗೆ ಹಿಟ್ಟು ಸುರಿಯಬೇಡಿ. ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡುತ್ತಾ ಕೈಯಾಡಿಸಿ. ಮೊದಲು ಗಟ್ಟಿಯಾಗೋ ಹಾಗೆ ಕಾಣುತ್ತದೆ, ಆಮೇಲೆ ಸಡಿಲ ಬಿಡುತ್ತದೆ. ಕೊನೆಗೆ ಚೆನ್ನಾಗಿ ಕುದಿಸಿ. 40 ಗ್ರಾಂ ಹಿಟ್ಟು, 200 ಎಂಎಲ್ ಹಾಲು, ಒಂದು ಚಮಚ ಬೆಲ್ಲ, ಒಂದು ಸಣ್ಣ ಚಮಚ ತುಪ್ಪ ಹಾಕಿ ಮಾಡಿದರೆ ಹತ್ತಿರ ಹತ್ತಿರ 350 ಕ್ಯಾಲೊರಿ, 9–10 ಗ್ರಾಂ ಪ್ರೋಟೀನು. ಏಳು ಲೋಟ ಗಂಜಿ ತಿಳಿಗೆ ಸಮ. ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿಟ್ಟುಕೊಂಡು ಒಂದು ಚಮಚ ಸೇರಿಸಿದರೆ ಇನ್ನೂ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಡಬ್ಬಿ ಪ್ರೋಟೀನ್ ಪುಡಿ ತರೋಕೆ ದುಡ್ಡಿಲ್ಲ ಅಂತ ಕೊರಗುವವರಿಗೆ ಇದನ್ನು ಹೇಳಲೇಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ ಬಿಟ್ಟು ಮಜ್ಜಿಗೆ, ಉಪ್ಪು ಹಾಕಿ.

ಸಿಹಿ ಎರಡು ದಿನಕ್ಕೆ ಬೇಜಾರಾಗುತ್ತದೆ. ನಮ್ಮ ಮಸ್ಸೊಪ್ಪು ಇದೆಯಲ್ಲ, ಅದು ಹುಟ್ಟಿದ್ದೇ ಇಂಥವರಿಗೆ ಅನ್ನಿಸುತ್ತದೆ ನನಗೆ. ಬೇಳೆ ಜೊತೆ ಎಳೆ ಸೊಪ್ಪು ಬೇಯಿಸಿ, ನಾರು ಸಿಗದ ಹಾಗೆ ಮಸೆದು, ಮೆಣಸಿನಕಾಯಿ ಹುಣಸೆಹಣ್ಣು ಬಿಟ್ಟು, ಜೀರಿಗೆ ತುಪ್ಪದ ಒಗ್ಗರಣೆ ಹಾಕಿ ಮೆತ್ತಗಿನ ಅನ್ನಕ್ಕೆ ಕಲಸಿ. ಅವರೆಕಾಯಿ ಕಾಲದಲ್ಲಿ ಹಿತಕಬೇಳೆ ಇದ್ದೇ ಇದೆ, ಸಿಪ್ಪೆ ಮೊದಲೇ ಹೋಗಿರುವುದರಿಂದ ಬೆಣ್ಣೆಯ ಹಾಗೆ ಬೇಯುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆ ಕದಡಿ ಕುದಿಯುವ ಬೇಳೆ ಗಂಜಿಗೆ ಸಣ್ಣಗೆ ಧಾರೆ ಬಿಟ್ಟು ಪೂರ್ತಿ ಬೇಯಿಸಿ, 6 ಗ್ರಾಂ ಪ್ರೋಟೀನು ಸದ್ದಿಲ್ಲದೆ ಸೇರಿಹೋಗುತ್ತದೆ. ಕೀಮೋ ತೆಗೆದುಕೊಳ್ಳುವವರಿಗೆ ಹಸಿ ಮೊಟ್ಟೆ, ಅರೆಬೆಂದ ಮೊಟ್ಟೆ ಮಾತ್ರ ಬೇಡವೇ ಬೇಡ. ನಾಟಿ ಮೊಟ್ಟೆ ಆದರೂ ಅಷ್ಟೇ.

ನಮ್ಮ ಕಡೆ ಹೊಗೆಸೊಪ್ಪು ದವಡೆಯಲ್ಲಿಟ್ಟುಕೊಂಡೇ ಮಲಗುವ ಹೆಂಗಸರು ಎಷ್ಟು ಜನ ಇದ್ದಾರೆ ಅಂತ ಎಲ್ಲರಿಗೂ ಗೊತ್ತು. ಬಾಯಿ ಕ್ಯಾನ್ಸರ್ ಈ ಜಿಲ್ಲೆಗೆ ಹೊಸದಲ್ಲ. ರೇಡಿಯೇಷನ್ ಆದವರ ಬಾಯಿ ಒಳಗೆಲ್ಲಾ ಹುಣ್ಣು, ಜೊಲ್ಲು ಒಣಗಿರುತ್ತದೆ, ರುಚಿ ಹೋಗಿರುತ್ತದೆ. ಅವರಿಗೆ ಖಾರ ಬೇಡ ಅನ್ನುವುದು ಗೊತ್ತು, ಟೊಮೆಟೊ ಬೇಡ ಅಂತ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಇಷ್ಟು ದೊಡ್ಡ ಟೊಮೆಟೊ ಮಂಡಿ ಇಟ್ಟುಕೊಂಡ ಜಿಲ್ಲೆಯಲ್ಲಿ ಟೊಮೆಟೊ ಇಲ್ಲದ ಸಾರು ಅಂದ್ರೆ ನಗುತ್ತಾರೆ. ಹುಳಿ ಹುಣ್ಣಿಗೆ ತಾಗಿದರೆ ಹೇಗಿರುತ್ತದೆ ಅಂತ ತಿಂದವರಿಗೇ ಗೊತ್ತು. ನೋಡೋಕೆ ಬಂದವರೆಲ್ಲ ಮೂಸಂಬಿ ತರುತ್ತಾರೆ, ಅದೂ ಉರಿಯೇ. ನಮ್ಮತ್ತೆ ಮೂಸಂಬಿ ಕವರ್ ನೋಡಿದ ತಕ್ಷಣ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು. ಊಟಕ್ಕೆ ಮುಂಚೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಆರಾಮ. ಊಟ ಬಿಸಿಬಿಸಿ ಬೇಡ, ಆರಿದ್ದೇ ಒಳ್ಳೆಯದು. ಆರಿದ ಊಟಕ್ಕೆ ವಾಸನೆಯೂ ಕಡಿಮೆ, ವಾಕರಿಕೆಯೂ ಕಡಿಮೆ. ಒಗ್ಗರಣೆ ಘಾಟು ಅವರ ಕೋಣೆಗೆ ಹೋಗದ ಹಾಗೆ ನೋಡಿಕೊಳ್ಳಿ. ಸ್ಟೀಲ್ ಚಮಚದಲ್ಲಿ ತಿಂದರೆ ಕಬ್ಬಿಣದ ರುಚಿ ಅನ್ನುವವರಿಗೆ ಪ್ಲಾಸ್ಟಿಕ್ ಚಮಚ ಕೊಟ್ಟು ನೋಡಿ.

ನೆಂಟರ ಉಪದೇಶದ ಬಗ್ಗೆಯೂ ಬರೆಯದೆ ಇರಲಾರೆ. ‘ಮೊಸರು ಕೊಟ್ರೆ ಶೀತ’, ‘ತುಪ್ಪ ಕೊಟ್ರೆ ಕಫ’, ‘ಮೊಟ್ಟೆ ಉಷ್ಣ’, ‘ಬೆಲ್ಲ ಕೊಟ್ರೆ ಗಡ್ಡೆ ಬೆಳೆಯುತ್ತೆ, ವಾಟ್ಸಾಪಲ್ಲಿ ಬಂದಿದೆ’. ಒಬ್ಬೊಬ್ಬರು ಬಂದು ಒಂದೊಂದು ತೆಗೆಸಿ ಹೋದರೆ ತಟ್ಟೆಯಲ್ಲಿ ಉಳಿಯುವುದು ಅದೇ ಗಂಜಿ, ಬ್ರೆಡ್ಡು. ಸಿಹಿ ನಿಲ್ಲಿಸಿದರೆ ಗಡ್ಡೆ ಉಪವಾಸ ಬೀಳುವುದಿಲ್ಲ, ಮನುಷ್ಯ ಬೀಳುತ್ತಾನೆ. ಬಾಯಿ ಹುಣ್ಣಿಗೆ ತಣ್ಣನೆ ಮೊಸರಿನಷ್ಟು ಹಿತ ಇನ್ನೊಂದಿಲ್ಲ. ಪಥ್ಯ ಹೇಳಬೇಕಾದವರು ಡಾಕ್ಟರು, ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಶುರು ಮಾಡುವ ಚಿಕ್ಕಮ್ಮ ದೊಡ್ಡಮ್ಮಂದಿರಲ್ಲ. ಇಷ್ಟು ಹೇಳಿದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡವರೂ ಇದ್ದಾರೆ, ಇರಲಿ ಬಿಡಿ.

ನಿಜವಾಗಿ ನಿಷೇಧ ಇರುವ ಕಡೆ ಮಾತ್ರ ಯಾರೂ ಹುಷಾರಾಗಿರುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಳನೀರು ತಂದು ಕುಡಿಸುತ್ತಾರೆ. ಕಿಡ್ನಿ ಕೆಲಸ ಮಾಡದೆ ಇರುವಾಗ ಎಳನೀರಿನ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯ ನಿಲ್ಲಿಸುವ ಅಪಾಯವಿದೆ. ಅವರಿಗೆ ಕಾಳು, ಸೊಪ್ಪು, ಹಾಲು ಎಷ್ಟು ಅನ್ನುವುದನ್ನೂ ಡಾಕ್ಟರನ್ನು ಕೇಳಿಯೇ ಕೊಡಬೇಕು, ಮೇಲೆ ನಾನು ಬರೆದದ್ದು ಅವರಿಗಲ್ಲ.

ಲಕ್ವದ ವಿಷಯ ಪೂರ್ತಿ ಬೇರೆ, ಇಲ್ಲಿ ಊಟದಿಂದಲೇ ಪ್ರಾಣಕ್ಕೆ ಬರಬಹುದು. ಲಕ್ವ ಹೊಡೆದವರಲ್ಲಿ ತುಂಬ ಜನಕ್ಕೆ ನುಂಗುವ ಶಕ್ತಿ ಕುಂದಿರುತ್ತದೆ. ಇವರಿಗೆ ತೆಳ್ಳಗಿರುವುದೇ ಕಷ್ಟ. ನೀರು, ಕಾಫಿ, ತಿಳಿ ಸಾರು ಗಂಟಲಲ್ಲಿ ನಿಲ್ಲದೆ ಶ್ವಾಸನಾಳಕ್ಕೆ ಜಾರುತ್ತದೆ, ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ. ಅನ್ನ ಸಾರು ಕಲಸಿ ಕೊಟ್ಟರೆ ಇನ್ನೂ ಕಷ್ಟ, ಸಾರು ಮೊದಲು ಓಡುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಇನ್ನು ಮುದ್ದೆ. ‘ಮುದ್ದೆ ತಿಂದ ಜೀವ, ಮುದ್ದೆ ಇಲ್ದೆ ಹೆಂಗೆ ಏಳುತ್ತೆ’ ಅಂತ ನಮ್ಮ ದೊಡ್ಡಪ್ಪ ದಿನಾ ಜಗಳ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತೇವೆ. ಗಂಟಲು ಕೆಲಸ ಮಾಡದವರಿಗೆ ಆ ಅಂಟು ತುತ್ತು ನಡುವೆ ಕೂತರೆ ಉಸಿರೇ ಕಟ್ಟುತ್ತದೆ. ಬ್ರೆಡ್ಡೂ ಹಾಗೇ, ಬಾಯಲ್ಲಿ ಹಿಟ್ಟಾಗಿ ಅಂಟಿಕೊಳ್ಳುತ್ತದೆ. ನುಂಗೋಕೆ ಕಷ್ಟ ಇರುವವರ ಊಟಕ್ಕೆ 0ರಿಂದ 7ರವರೆಗೆ ಹಂತಗಳ ಒಂದು ಅಂತರರಾಷ್ಟ್ರೀಯ ಅಳತೆ ಇದೆ, ಐಡಿಡಿಎಸ್‌ಐ ಅಂತ. ಅದರಲ್ಲಿ ರುಬ್ಬಿದ ಊಟಕ್ಕೆ ಹೇಳುವ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಒಂದು ಚಮಚ ಎತ್ತಿಕೊಂಡು ವಾಲಿಸಿ. ಚಮಚದ ಮೇಲೆ ಆಕಾರ ಹಿಡಿದು ಕೂತಿರಬೇಕು, ವಾಲಿಸಿದಾಗ ಒಟ್ಟಿಗೆ ಜಾರಿ ಬೀಳಬೇಕು. ಅಂಟಿಕೊಂಡರೆ ಬೇಡ, ನೀರು ಬಿಟ್ಟುಕೊಂಡರೂ ಬೇಡ. ಇಡ್ಲಿಯನ್ನು ಬೇಳೆಯಲ್ಲಿ ರುಬ್ಬಿದ್ದು, ಮೆತ್ತಗಿನ ಅನ್ನ ಮೊಸರು ರುಬ್ಬಿದ್ದು, ಗಟ್ಟಿಯಾಗಿ ಕಾಯಿಸಿದ ರಾಗಿ ಸರಿ, ಇವೆಲ್ಲ ಹದವಾಗಿ ಬಂದರೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಅವರವರಿಗೆ ಯಾವ ಹಂತ ಅಂತ ಮೊದಲು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ.

ಉಣ್ಣಿಸುವಾಗ ಮಲಗಿಸಿಕೊಂಡು ಬಾಯಿಗೆ ಸುರಿಯಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಅರ್ಧ ಸಣ್ಣ ಚಮಚ ಕೊಟ್ಟು ಗಂಟಲ ಗುಬುಟು ಮೇಲೆದ್ದು ಇಳಿಯುವ ತನಕ ಕಾಯಿರಿ. ಮಾತಾಡಿಸಬೇಡಿ, ಟಿವಿ ಆರಿಸಿ. ಆದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಉಂಡ ಮೇಲೆ ಕೆಮ್ಮು, ದನಿಯಲ್ಲಿ ಗೊರಗೊರ, ಸಂಜೆ ಹೊತ್ತಿಗೆ ಜ್ವರ ಬಂದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಕೆಲವರಿಗೆ ಕೆಮ್ಮೂ ಬರದೆ ಒಳಗೆ ಇಳಿದಿರುತ್ತದೆ, ಅದೇ ಹೆಚ್ಚು ಅಪಾಯ. ಮೂಗಿನ ಪೈಪ್ ಹಾಕಿದ್ದರೆ ಬಟ್ಟೆಯಲ್ಲಿ ಸೋಸಿದ್ದನ್ನೇ ಕೊಟ್ಟು, ಪ್ರತಿ ಸಲ ಪೈಪಿಗೆ ನೀರು ಬಿಟ್ಟು ತೊಳೆಯಬೇಕು.

ಕಾಯಿಲೆ ಕೊನೆಗೆ ಬಂದು ನಿಂತಿದೆ ಅಂತ ಡಾಕ್ಟರೇ ಹೇಳಿದ ಮೇಲೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಆಗ ಹಸಿವು ತಾನಾಗಿ ಹೋಗುತ್ತದೆ, ಅದು ಕಾಯಿಲೆಯ ಕೆಲಸ, ಸೊಸೆಯ ಅಡುಗೆಯ ತಪ್ಪಲ್ಲ. ‘ಇನ್ನೊಂದು ತುತ್ತು, ನನ್ನಾಣೆ’ ಅಂತ ಬಲವಂತ ಮಾಡಿದರೆ ಅವರಿಗೆ ಹಿಂಸೆ. ಕೇಳಿದ್ದನ್ನು ಕೇಳಿದಷ್ಟು ಕೊಡಿ, ಉಪ್ಪಿನಕಾಯಿ ರಸ ನಾಲಿಗೆಗೆ ಬೇಕು ಅಂದರೆ ಅದೂ ಸರಿ. ತುಟಿ, ಬಾಯಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರೆ ಸಾಕು.

ಈಗ ನನ್ನ ಬೇಡಿಕೆ. ಆಸ್ಪತ್ರೆಯವರು ಡಿಸ್ಚಾರ್ಜ್ ಚೀಟಿ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಅದರಲ್ಲಿ ಓಟ್ಸು, ಬ್ರೊಕೊಲಿ ಅಂತ ಇರಬಾರದು. ನಮ್ಮತ್ತೆಗೆ ಕೊಟ್ಟ ಇಂಗ್ಲಿಷ್ ಹಾಳೆಯಲ್ಲಿ ಅದೇ ಇತ್ತು, ನಮ್ಮ ಸಂತೆಯಲ್ಲಿ ಎಲ್ಲಿ ಹುಡುಕೋದು? ರಾಗಿ, ಹೆಸರುಬೇಳೆ, ಹಾಲು, ಮೊಟ್ಟೆ, ಕಡಲೆಬೀಜ, ಲೋಟದ ಲೆಕ್ಕದಲ್ಲಿ, ದಿನಕ್ಕೆ ಆರು ಹೊತ್ತಿಗೆ ಹಂಚಿ ಬರೆದಿರಲಿ. ಕಾಯಿಲೆಗೆ ತಕ್ಕ ಹಾಗೆ ಬೇರೆ ಬೇರೆ ಹಾಳೆ ಇರಲಿ. ಅಡುಗೆ ಮಾಡುವವರು ಯಾರು ಅಂತ ಕೇಳಿ ಅವರನ್ನೇ ಕರೆಸಿ, ಒಂದು ಹೊತ್ತು ಅವರ ಕೈಯಲ್ಲೇ ಉಣ್ಣಿಸಿ ನೋಡಿ ಕಳಿಸಲಿ. ಬರೋಕಾಗದಿದ್ದರೆ ಫೋನಾದರೂ ಮಾಡಲಿ. ಹಾಗೇ ಗಂಡಸರೂ ರಾಗಿ ಸರಿ ಕಾಯಿಸೋದು ಕಲಿಯಲಿ, ಎರಡೆರಡು ಗಂಟೆಗೆ ಒಬ್ಬಳೇ ಎದ್ದು ಒಲೆ ಹಚ್ಚಬೇಕಾದರೆ ಅವಳು ಯಾವಾಗ ಮಲಗೋದು?

ಇನ್ನು ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದೇ ನಮ್ಮ ಕೋಲಾರದಲ್ಲಿ. ಬರುವ ಸಿಬ್ಬಂದಿ ಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದಾರಾ, ನಿನ್ನೆ ಬೆಳಗ್ಗೆಯಿಂದ ಏನೇನು ತಿಂದರು, ತೂಕ ಎಷ್ಟಿದೆ ಅಂತ ಮೂರು ಪ್ರಶ್ನೆ ಜಾಸ್ತಿ ಕೇಳಿದರೆ ಸಾಕು. ತೂಕದ ಮೆಷಿನ್ ಮೇಲೆ ನಿಲ್ಲಲಾಗದವರಿಗೆ ತೋಳಿನ ಸುತ್ತಳತೆ ಟೇಪಿನಲ್ಲಿ ಅಳೆಯಬಹುದು, ಅಂಗನವಾಡಿಯಲ್ಲಿ ಮಕ್ಕಳಿಗೆ ಅಳೆಯುವ ಹಾಗೇ.

ನಿಮ್ಮ ಪತ್ರಿಕೆಗೂ ಒಂದು ಮಾತು. ಅಡುಗೆ ಪುಟದಲ್ಲಿ ವಾರವಾರ ಹೋಳಿಗೆ, ಪಲಾವು, ಕೇಕು ಬರುತ್ತದೆ, ಬರಲಿ, ನಾನೂ ಓದುತ್ತೇನೆ. ಅದರ ಕೆಳಗೆ ಕೈಯಗಲ ಜಾಗ ಬಿಟ್ಟು ಕಾಯಿಲೆಯವರಿಗೆ ಒಂದು ಅಡುಗೆ ಹಾಕಿ, ಯಾವ ಕಾಯಿಲೆಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅಂತ ಆಹಾರ ತಜ್ಞರಿಂದ ಬರೆಸಿ. ಮೊದಲನೇ ವಾರಕ್ಕೆ ಖಾರ ಹುಳಿ ಇಲ್ಲದ ಮಸ್ಸೊಪ್ಪು ಆಗಬಹುದು, ಅಳತೆ ಸಮೇತ ಬರೆದು ಕಳಿಸೋಕೆ ನಾನು ತಯಾರಿದ್ದೇನೆ.

ಇತಿ,
ನಿಮ್ಮ ಓದುಗಾರ್ತಿ,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ